ಇನ್ಸುಲಿನ್ ಡಬ್ಬಿಯ ಆರು ಗುಡ್ಡಗಳು

ಫ್ರಿಜ್ ಬಾಗಿಲನ್ನು ಸರಿಯಾಗಿ ಹಾಕದವಳು ಎಂಬ ಹೆಸರು ನನಗೆ ಬಂದದ್ದು ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿದ ದಿನಗಳಲ್ಲಿ. ಅತ್ತೆಯ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತಿರಲಿಲ್ಲ. ಡಾಕ್ಟರು ಎರಡು ಸಲ ಇನ್ಸುಲಿನ್ ಪ್ರಮಾಣ ಏರಿಸಿ ನೋಡಿದರು. ಮೂರನೆಯ ಸಲ ಹೋದಾಗ ನಾವು ಒಯ್ದಿದ್ದ ಬಾಟಲಿಯನ್ನು ಬೆಳಕಿಗೆ ಹಿಡಿದು, "ಇದು ಎಲ್ಲೋ ಬಿಸಿ ಆಗ್ತಾ ಇದೆ. ಔಷಧಿಗೆ ಶಕ್ತೀನೇ ಉಳಿದಿಲ್ಲ. ಮನೇಲಿ ಸ್ವಲ್ಪ ಗಮನ ಇಟ್ಟು ನೋಡ್ಕೊಳ್ಳಿ" ಎಂದರು. ಹೇಳಿದ್ದು ನಮ್ಮ ಮೂವರಿಗೆ. ಹೇಳುವಾಗ ನೋಡಿದ್ದು ಮಾತ್ರ ನನ್ನನ್ನು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ನನ್ನ ಗಂಡ ಕಾರಣ ಕಂಡುಹಿಡಿದಾಗಿತ್ತು. "ಬೆಳಿಗ್ಗೆ ಬಸ್ಸಿನ ಗಡಿಬಿಡಿಲಿ ನೀನು ಫ್ರಿಜ್ ಬಾಗಿಲು ಪೂರ್ತಿ ಹಾಕಲ್ಲ ಅನ್ಸುತ್ತೆ" ಎಂದರು. ಬೆಳಿಗ್ಗೆ ಆ ಬಾಗಿಲನ್ನು ಅವರೂ ಎರಡು ಸಲ ತೆಗೆಯುತ್ತಾರೆ, ಒಮ್ಮೆ ಹಾಲಿಗೆ, ಇನ್ನೊಮ್ಮೆ ಮೊಸರಿಗೆ. ಆದರೆ ಅವರಿಗೆ ಗಡಿಬಿಡಿ ಇರುವುದಿಲ್ಲ. ಅವರ ಕಚೇರಿ ಸ್ಕೂಟರಿನಲ್ಲಿ ಹತ್ತು ನಿಮಿಷ. ನನ್ನದು ಭದ್ರಾವತಿ. ದುರ್ಗಿಗುಡಿಯ ನಮ್ಮ ಮನೆಯಿಂದ ಬಸ್ ಸ್ಟ್ಯಾಂಡಿಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು, ಇಳಿದು ಮತ್ತೆ ಆಟೋ. ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಐದೂವರೆಗೆ ವಾಪಸ್ಸು. ಅಲ್ಲಿನ ಒಂದು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ನಾನು ಹನ್ನೊಂದು ವರ್ಷದಿಂದ ಇನ್‌ಸ್ಟ್ರಕ್ಟರ್.

ಎರಡು ದಿನ ಬಿಟ್ಟು ಊಟಕ್ಕೆ ಕೂತಾಗ ಗಂಡ ಇನ್ನೊಂದು ಮಾತು ತೆಗೆದರು. "ಒಂದು ವರ್ಷ ರಜೆ ಹಾಕ್ಬಿಡು. ಅಮ್ಮನ ಔಷಧಿ ನೋಡ್ಕೊಳ್ಳೋಕೆ ಮನೇಲಿ ಒಬ್ರು ಇರಬೇಕಲ್ವಾ." ಒಬ್ಬರು ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಆ ಪದದ ಅರ್ಥ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನನ್ನದು ಆಡಳಿತ ಮಂಡಳಿ ಕೊಟ್ಟ ಕೆಲಸ, ಸರ್ಕಾರದ್ದಲ್ಲ. ಒಂದು ವರ್ಷ ಬಿಟ್ಟರೆ ನನ್ನ ಸ್ಟೂಲಿನ ಮೇಲೆ ಇನ್ನೊಬ್ಬರು ಕೂತಿರುತ್ತಾರೆ. ಮುಂದಿನ ವರ್ಷ ಮುಂದುವರಿಯುತ್ತೀರೋ ಇಲ್ಲವೋ ಎಂದು ಏಪ್ರಿಲ್ ಮುಗಿಯುವುದರೊಳಗೆ ಬರೆದುಕೊಡಬೇಕು ಎಂದು ಪ್ರಿನ್ಸಿಪಾಲರು ಆಗಲೇ ನೋಟೀಸು ಕಳಿಸಿದ್ದರು.

ನಮ್ಮದು ಎರಡೂ ಕಡೆಯ ಗೋಡೆಯನ್ನು ಅಕ್ಕಪಕ್ಕದವರೊಡನೆ ಹಂಚಿಕೊಂಡ ಹಳೆಯ ಉದ್ದ ಮನೆ. ಬೆಳಕು ಬರುವುದು ಮುಂದಿನ ಕಿಟಕಿಯಿಂದ ಮತ್ತು ಹಿತ್ತಿಲ ಬಾಗಿಲಿನಿಂದ. ನಡುವಿನ ಮೂರು ಕೋಣೆಗಳಲ್ಲಿ ಹಗಲೂ ಲೈಟು ಬೇಕು. ಆ ನಡುವಿನಲ್ಲಿ, ಅತ್ತೆಯ ಮಡಿಗೂ ಗಂಡನ ಪೇಪರಿಗೂ ಮಧ್ಯೆ, ಇಡೀ ವರ್ಷ ಕೂತಿರುವ ನನ್ನನ್ನು ಊಹಿಸಿಕೊಂಡೆ. ಹೆದರಿಕೆಯೇ ಆಯಿತು, ಸುಮ್ಮನೆ ಹೇಳುತ್ತಿಲ್ಲ.

ಬಾಗಿಲನ್ನು ನಾನು ಹಾಕುತ್ತೇನೆ ಎಂದು ಸಾಧಿಸುವುದು ಹೇಗೆ? ಮಾತಿನಲ್ಲಿ ಆಗದು. ಮಾತಿನಲ್ಲಿ ನಾನು ಆ ಮನೆಯಲ್ಲಿ ಎಂದೂ ಗೆದ್ದವಳಲ್ಲ. ನನಗೆ ಬೇಕಾಗಿದ್ದದ್ದು ಅಂಕಿ. ಹತ್ತು ನಿಮಿಷಕ್ಕೊಮ್ಮೆ ಆ ಔಷಧಿಯ ಉಷ್ಣತೆ ಎಷ್ಟಿತ್ತು ಎಂದು ಬರೆದಿಡುವ ಯಾರಾದರೂ ಫ್ರಿಜ್ಜಿನೊಳಗೇ ಕೂತಿರಬೇಕು.

ನಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಒಬ್ಬ ಸಹೋದ್ಯೋಗಿ ಇದ್ದಾರೆ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು, ಮನೆಮಾತು ತಮಿಳು, ಕನ್ನಡ ನನಗಿಂತ ಚುರುಕು. ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ತರಿಸಿದ್ದ ಅಂಗೈಯಷ್ಟು ಮೈಕ್ರೋಕಂಟ್ರೋಲರ್ ಬೋರ್ಡೊಂದನ್ನು ಅವರು ನನ್ನ ಕೈಗಿಟ್ಟರು. ಜೊತೆಗೆ ಉಕ್ಕಿನ ಮೊಳೆಯಂತಿದ್ದ ಉಷ್ಣತೆಯ ಸೆನ್ಸರ್, ಗಡಿಯಾರದ ಚಿಪ್ಪು ಕೂತ ಸಣ್ಣ ಹಲಗೆ, ಮೆಮೊರಿ ಕಾರ್ಡ್ ಹಾಕುವ ಇನ್ನೊಂದು ಹಲಗೆ. "ಮೇಡಂ, ಸೆನ್ಸರ್ ಸುಳ್ಳು ಹೇಳಲ್ಲ. ವೈರು ಹೇಳುತ್ತೆ. ವೈರನ್ನ ಮಾತ್ರ ನಂಬಬೇಡಿ" ಎಂದು ಎಚ್ಚರಿಸಿದರು.

ಆ ಮಾತಿನ ಅರ್ಥ ಮೊದಲ ಮಧ್ಯಾಹ್ನವೇ ಆಯಿತು. ಊಟದ ಬಿಡುವಿನಲ್ಲಿ ಎಲ್ಲವನ್ನೂ ಜೋಡಿಸಿ, ಮಾದರಿ ಪ್ರೋಗ್ರಾಮನ್ನು ಬೇಕಾದಂತೆ ತಿದ್ದಿ ಹಾಕಿದೆ. ಕಂಪ್ಯೂಟರಿನ ಪರದೆಯ ಮೇಲೆ ಲ್ಯಾಬಿನ ಉಷ್ಣತೆ ಮೈನಸ್ ನೂರ ಇಪ್ಪತ್ತೇಳು ಡಿಗ್ರಿ ಎಂದು ಬಂತು. ಹೊರಗೆ ಭದ್ರಾವತಿಯ ಬಿಸಿಲಿಗೆ ಡಾಂಬರು ಮೆತ್ತಗಾಗುತ್ತಿತ್ತು. ವೈರು ಸಡಿಲವಿದ್ದಾಗ ಆ ಸೆನ್ಸರ್ ಹೇಳುವುದೇ ಹಾಗಂತೆ. ಬೆಸುಗೆ ಹಾಕಿದೆ. ಬೋರ್ಡಿನ ಅಕ್ಕಪಕ್ಕದ ಎರಡು ಪಿನ್ನುಗಳಿಗೆ ಒಂದೇ ಬೆಸುಗೆ ಬಿತ್ತು. ತೆಗೆದು ಮತ್ತೆ ಹಾಕಿದೆ. ಮರುದಿನ ಸರಿಯಾಗಿ ಮೂವತ್ತಮೂರು ಡಿಗ್ರಿ ಬಂದಾಗ ಪಕ್ಕದ ಲ್ಯಾಬಿನವರೆಗೂ ಕೇಳುವಂತೆ ನಕ್ಕಿದ್ದೆ.

ಆಮೇಲೆ ಬ್ಯಾಟರಿಯ ಕಾಟ. ಒಂದೂವರೆ ದಿನಕ್ಕೇ ಖಾಲಿಯಾಗುತ್ತಿತ್ತು. ಬೋರ್ಡಿನ ಮೇಲೆ ಸದಾ ಉರಿಯುವ ಕೆಂಪು ದೀಪವೇ ಕುಡಿದು ಮುಗಿಸುತ್ತಿದೆ ಎಂದು ಸಹೋದ್ಯೋಗಿ ಹೇಳಿ ಅದನ್ನು ಕಿತ್ತರು. ಎರಡು ಅಳತೆಗಳ ನಡುವೆ ಬೋರ್ಡು ನಿದ್ದೆಹೋಗುವಂತೆ ನಾನು ಪ್ರೋಗ್ರಾಮು ಬದಲಿಸಿದೆ. ಎಂಟು ದಿನ ಬಾಳುವಂತಾಯಿತು. ಒಂದು ಲೋಟದಲ್ಲಿ ಕರಗುವ ಐಸು ತುಂಬಿ ಸೆನ್ಸರನ್ನು ಅದ್ದಿ ಸೊನ್ನೆ ಸರಿಯಿದೆಯೇ ಎಂದೂ ನೋಡಿದೆ. ಮಕ್ಕಳಿಗೆ ಹೇಳಿಕೊಡುವಾಗಲೂ ನಾನು ಅಷ್ಟು ಶ್ರದ್ಧೆಯಿಂದ ಒಂದು ಪ್ರಯೋಗ ಮಾಡಿರಲಿಲ್ಲ. ಆ ಮಧ್ಯಾಹ್ನಗಳಲ್ಲಿ ಮಾತ್ರ ನನಗೆ ಉಸಿರು ಸಲೀಸಾಗಿ ಬರುತ್ತಿತ್ತು.

ಇನ್ಸುಲಿನ್ ಬಾಟಲಿ ನಮ್ಮಲ್ಲಿ ಒಂದು ಸ್ಟೀಲ್ ಡಬ್ಬಿಯಲ್ಲಿರುತ್ತದೆ. ರಟ್ಟಿನ ಪೆಟ್ಟಿಗೆಯನ್ನು ತೊಳೆಯಲು ಬರುವುದಿಲ್ಲ, ಸ್ಟೀಲನ್ನು ತೊಳೆಯಬಹುದು ಎಂದು ಅತ್ತೆಯೇ ಮಾಡಿಕೊಂಡ ಏರ್ಪಾಟು. ಫ್ರಿಜ್ಜಿನಲ್ಲಿ ಉಳಿದ ಅನ್ನ ಸಾರು ಎಲ್ಲ ಇರುವುದರಿಂದ ಅವರ ಪಾಲಿಗೆ ಅದು ಇಡಿಯಾಗಿ ಮುಸುರೆ. ಸ್ನಾನ ಮಾಡಿ ಮಡಿ ಉಟ್ಟ ಮೇಲೆ ಫ್ರಿಜ್ ಇರಲಿ, ಅದರ ಪಕ್ಕದ ಗೋಡೆಯನ್ನೂ ಮುಟ್ಟುವುದಿಲ್ಲ. ಅವರ ಅಡುಗೆ ಬೇರೆ, ಒಲೆ ಬೇರೆ, ನೀರು ಬೇರೆ. ರಾತ್ರಿಯ ಇನ್ಸುಲಿನ್ ನಾನು ಕೊಡುತ್ತೇನೆ. ಮಧ್ಯಾಹ್ನದ್ದನ್ನು ಪೂಜೆ ಮುಗಿಸಿ ಊಟಕ್ಕೆ ಮುಂಚೆ ಅವರೇ ಚುಚ್ಚಿಕೊಳ್ಳುತ್ತಾರೆ.

ಯಂತ್ರವನ್ನು ಆ ಡಬ್ಬಿಯೊಳಗೆ ಬಾಟಲಿಯ ಪಕ್ಕದಲ್ಲಿ ಇಡುವಾಗ ಅತ್ತೆ ಬಂದು ನೋಡಿದರು.

"ಇದರಲ್ಲಿ ಚರ್ಮ ಗಿರ್ಮ ಏನೂ ಇಲ್ಲ ತಾನೆ?"

"ಇಲ್ಲ ಅತ್ತೆ. ತಂತಿ, ಪ್ಲಾಸ್ಟಿಕ್ಕು, ಅಷ್ಟೆ."

"ಏನ್ ಮಾಡುತ್ತೆ?"

"ಫ್ರಿಜ್ ಸರಿಯಾಗಿ ತಂಪಾಗಿದ್ಯಾ ಅಂತ ನೋಡುತ್ತೆ."

"ನೋಡ್ಲಿ ಬಿಡು" ಎಂದು ಹೋದರು. ಅದಕ್ಕೊಂದು ಗಡಿಯಾರವಿದೆ, ಅದು ಹೊತ್ತನ್ನೂ ಬರೆದಿಡುತ್ತದೆ ಎಂದು ನಾನು ಹೇಳಲಿಲ್ಲ. ಕೇಳಿದರೆ ಹೇಳುತ್ತಿದ್ದೆನೋ ಏನೋ. ಅವರು ಕೇಳಲಿಲ್ಲ, ನನಗೂ ಅದೇ ಅನುಕೂಲವಾಯಿತು.

ಒಂದು ವಾರವಾದ ಮೇಲೆ ಕಾರ್ಡನ್ನು ಪರ್ಸಿನಲ್ಲಿಟ್ಟುಕೊಂಡು ಕಾಲೇಜಿಗೆ ಹೋದೆ. ಬಸ್ಸಿನಲ್ಲಿ ನಾಲ್ಕು ಸಲ ಪರ್ಸು ಮುಟ್ಟಿ ನೋಡಿಕೊಂಡೆ. ಫೈಲು ತೆರೆದು ಗ್ರಾಫ್ ಹಾಕಿದಾಗ ಸಹೋದ್ಯೋಗಿ ನನ್ನ ಹಿಂದೆ ನಿಂತಿದ್ದರು. "ಏನ್ ಮೇಡಂ ಇದು, ದಿನಾ ಒಂದು ಗುಡ್ಡ!" ಎಂದರು. ಐದು ಡಿಗ್ರಿಯಲ್ಲಿ ಮಟ್ಟಸವಾಗಿ ಬರುವ ಗೆರೆ ಬೆಳಿಗ್ಗೆ ಹತ್ತರ ಸುಮಾರಿಗೆ ದಿಢೀರನೆ ಏರುತ್ತಿತ್ತು. ಮೂವತ್ತು, ಮೂವತ್ತೆಂಟು, ಒಂದು ದಿನ ನಲವತ್ತೊಂದು. ಹನ್ನೆರಡೂವರೆಯಿಂದ ಮತ್ತೆ ಇಳಿಯುತ್ತ ಐದಕ್ಕೆ. ಸೋಮವಾರದಿಂದ ಶನಿವಾರದವರೆಗೆ ಆರು ಗುಡ್ಡ. ಭಾನುವಾರ ಬಯಲು.

ಬಾಗಿಲು ತೆರೆದೇ ಇದ್ದರೂ ಫ್ರಿಜ್ಜಿನೊಳಗೆ ನಲವತ್ತೊಂದು ಆಗಲು ಸಾಧ್ಯವೇ ಇಲ್ಲ. ಡಬ್ಬಿ ಹೊರಗೆ ಹೋಗುತ್ತಿದೆ. ಎಂಟಕ್ಕೆ ನಾನು ಹೊರಡುತ್ತೇನೆ, ಒಂಬತ್ತೂವರೆಗೆ ಗಂಡ. ಹತ್ತಕ್ಕೆ ಮನೆಯಲ್ಲಿರುವುದು ಒಬ್ಬರೇ. ನನಗೆ ಎಂಥ ಖುಷಿಯಾಯಿತೆಂದರೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಒಬ್ಬ ಮುದುಕಿಯ ಔಷಧಿ ಕೆಡುತ್ತಿದೆ ಎಂಬುದು ನನ್ನ ತಲೆಗೆ ಬಂದದ್ದು ಎರಡನೆಯದಾಗಿ. ಮೊದಲು ಬಂದದ್ದು, ಸಿಕ್ಕಿಬಿದ್ದರು ಎಂಬುದು.

ಆಗ ನಾನು ಮನೆಗೆ ಹೋಗಿ ಕೇಳಬಹುದಿತ್ತು. "ಅತ್ತೆ, ಡಬ್ಬಿ ಎಲ್ಲಿಡ್ತೀರಿ?" ಮೂರೇ ಪದ. ಕೇಳಲಿಲ್ಲ. ಔಷಧಿ ಅಂಗಡಿಯಿಂದ ಹೊಸ ಬಾಟಲಿ ತಂದಿಟ್ಟೆ. ಗುಡ್ಡ ಮತ್ತೆ ಬರುತ್ತದೆಯೇ ಎಂದು ಇನ್ನೊಂದು ವಾರ ನೋಡಿದೆ. ಬಂತು. ಅದೂ ಸಾಲದೆ, ಒಂದು ಗುರುವಾರ ಪ್ರಾಕ್ಟಿಕಲ್ ಇಲ್ಲದ ದಿನ, ಕಾಲೇಜಿಗೆ ಹೋದವಳು ಸಹಿ ಮಾಡಿ ವಾಪಸ್ ಬಸ್ಸು ಹತ್ತಿದೆ. ಹನ್ನೊಂದರ ಹೊತ್ತಿಗೆ ಹಿಂದಿನ ಓಣಿಯಿಂದ ಹಿತ್ತಿಲಿಗೆ ಬಂದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಸುಡುವ ಬಿಸಿಲಿನಲ್ಲಿ, ಸ್ಟೀಲ್ ಡಬ್ಬಿ ಇತ್ತು. ಮುಚ್ಚಳ ಬೇರೆ ತೆಗೆದಿಟ್ಟಿದ್ದರು. ಬಾಟಲಿಯ ಪಕ್ಕದಲ್ಲಿ ನನ್ನ ಯಂತ್ರವೂ ಬಿಸಿಲು ಕಾಯಿಸುತ್ತ ಮಲಗಿತ್ತು. ಒಳಗಿನಿಂದ ಅತ್ತೆಯ ದನಿ ಕೇಳುತ್ತಿತ್ತು. ಪೂಜೆ ಮಾಡುತ್ತಿದ್ದರು, ಆದರೆ ನನಗೆ ಪರಿಚಯವಿದ್ದ ಗೊಣಗಿನ ದನಿಯಲ್ಲಿ ಅಲ್ಲ. ಗಂಟಲು ಬಿಚ್ಚಿ ರಾಗವಾಗಿ ಹಾಡುತ್ತಿದ್ದರು.

ನೋಡಿದ ಕೂಡಲೇ ಎಲ್ಲ ಅರ್ಥವಾಯಿತು. ಮಡಿಯಲ್ಲಿ ಫ್ರಿಜ್ ಮುಟ್ಟುವಂತಿಲ್ಲ, ತೆಗೆದುಕೊಡಲು ಮನೆಯಲ್ಲಿ ಯಾರೂ ಇಲ್ಲ. ಅದಕ್ಕೇ ಸ್ನಾನಕ್ಕೆ ಮುಂಚೆಯೇ ಡಬ್ಬಿಯನ್ನು ತೆಗೆದು ಬಿಸಿಲಿಗಿಡುತ್ತಾರೆ. ಬಿಸಿಲು ಬಿದ್ದ ವಸ್ತುವಿಗೆ ಮೈಲಿಗೆ ಉಳಿಯುವುದಿಲ್ಲ. ಪೂಜೆ ಮುಗಿಯುವಷ್ಟರಲ್ಲಿ ಔಷಧಿ ಮಡಿಯಾಗಿರುತ್ತದೆ, ಚುಚ್ಚಿಕೊಂಡು ಊಟ ಮುಗಿಸಿ ಮತ್ತೆ ಫ್ರಿಜ್ಜಿನೊಳಗೆ. ಭಾನುವಾರ ನಾನಿರುತ್ತೇನೆ. ಹನ್ನೆರಡಕ್ಕೆ ಕೂಗಿದರೆ ತೆಗೆದು ನೆಲದ ಮೇಲಿಡುತ್ತೇನೆ, ಅವರು ನೀರು ಪ್ರೋಕ್ಷಿಸಿ ಎತ್ತಿಕೊಳ್ಳುತ್ತಾರೆ. ಅದಕ್ಕೇ ಆ ದಿನ ಬಯಲು.

ಡಬ್ಬಿಯನ್ನು ಎತ್ತಿ ನೆರಳಿಗಿಡಲಿಲ್ಲ. ಫೋನಿನಲ್ಲಿ ಫೋಟೋ ತೆಗೆದುಕೊಂಡು, ಚಪ್ಪಲಿ ಸದ್ದಾಗದಂತೆ ಓಣಿ ದಾಟಿ, ಬಸ್ ಸ್ಟ್ಯಾಂಡಿಗೆ ಹೋಗಿ ಸಂಜೆಯವರೆಗೆ ಅಲ್ಲಿ ಇಲ್ಲಿ ಕೂತು ಹೊತ್ತು ಕಳೆದೆ. ಇವತ್ತಿಗೂ ಆ ಗುರುವಾರವನ್ನು ನೆನೆದರೆ ನಾಚಿಕೆಯಿಂದ ಹಿಡಿಯಾಗುತ್ತೇನೆ.

ಭಾನುವಾರ ಊಟವಾದ ಮೇಲೆ ಗ್ರಾಫನ್ನು ಹಜಾರದ ಮೇಜಿನ ಮೇಲೆ ಹರಡಿದೆ. ಬಣ್ಣದಲ್ಲಿ ಪ್ರಿಂಟ್ ಹಾಕಿಸಿದ್ದೆ. ಗಂಡನಿಗೆ ಒಂದೊಂದೇ ಗುಡ್ಡವನ್ನು ಬೆರಳಿಟ್ಟು ತೋರಿಸಿದೆ. ಫೋಟೋ ತೋರಿಸಿದೆ. ಅತ್ತೆ ನಡುಮನೆಯ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದರು. ನನ್ನ ದನಿ ಬೇಕಾದ್ದಕ್ಕಿಂತ ಎತ್ತರವಿತ್ತು.

ಗಂಡ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. "ಬಾಗಿಲು ನೀನು ಸರಿಯಾಗೇ ಹಾಕ್ತಿದ್ದೀಯ. ಒಪ್ಪಿದೆ" ಎಂದರು. ನಾನು ಗೆದ್ದೆ ಅಂದುಕೊಂಡೆ. ಎರಡು ಕ್ಷಣ ಹಾಗೇ ಇದ್ದಿರಬೇಕು.

"ಆದ್ರೆ ನೋಡು" ಎಂದು ಅವರು ಭಾನುವಾರದ ಮೇಲೆ ಬೆರಳಿಟ್ಟರು. "ನೀನು ಮನೇಲಿದ್ದ ದಿನ ಎಷ್ಟು ನೆಟ್ಟಗಿದೆ. ಅಮ್ಮನ್ನ ಬೆಳಿಗ್ಗೆ ಹೊತ್ತು ಒಬ್ರನ್ನೇ ಬಿಡೋ ಹಾಗಿಲ್ಲ ಅಂತ ನೀನೇ ಪ್ರೂವ್ ಮಾಡಿದ್ಯಲ್ಲ."

ಅವರು ವ್ಯಂಗ್ಯ ಮಾಡುತ್ತಿರಲಿಲ್ಲ. ಅದೇ ನನ್ನನ್ನು ಕುಕ್ಕಿತು. ನಾನು ಅಷ್ಟು ವಾರ ಬೆಸುಗೆ ಹಾಕಿ, ಐಸಿನಲ್ಲಿ ಪರೀಕ್ಷಿಸಿ, ಕದ್ದು ಫೋಟೋ ತೆಗೆದು ನನ್ನ ವಿರುದ್ಧವೇ ಸಾಕ್ಷಿ ತಯಾರಿಸಿದ್ದೆ. ಇನ್ನು ಮನೆಯಲ್ಲಿ ಕೂರುವುದು ಬರೀ ಗಂಡನ ಅಭಿಪ್ರಾಯವಲ್ಲ, ಅಂಕಿ ಸಮೇತ ಸಾಬೀತಾದ ವಿಷಯ. ಆ ಹಾಳೆಯನ್ನು ಹರಿದು ಹಾಕಬೇಕೆನ್ನಿಸಿತು. ಹರಿದರೂ ಕಾರ್ಡಿನಲ್ಲಿ ಎಲ್ಲ ಇತ್ತು.

ಅತ್ತೆ ಹೊಸ್ತಿಲಿಂದ ಮೇಜಿನ ಬಳಿಗೆ ಬಂದರು. ಹಾಳೆಯನ್ನು ತಿರುಗಿಸಿಕೊಂಡು ನೋಡಿದರು. "ಇದು ನಾನಾ?" ಎಂದು ಒಂದು ಗುಡ್ಡವನ್ನು ತೋರಿಸಿ ಕೇಳಿದರು.

"ಹೌದು ಅತ್ತೆ."

"ಹೊತ್ತೂ ಬರೀತಿತ್ತಾ ಅದು?"

"ಹೌದು."

"ಕೇಳಿದ್ರೆ ನಾನೇ ಹೇಳ್ತಿದ್ದೆ ಮಾರಾಯ್ತಿ. ಬಿಸಿಲಿಗಿಡಬಾರದು ಅಂತ ನನಗೆ ಯಾರು ಹೇಳಿದ್ರು? ಡಾಕ್ಟರು ಬಿಸಿ ಅಂದಾಗ ಇವನು ಫ್ರಿಜ್ ಬಾಗ್ಲು ಅಂದ, ನಾನೂ ಹಾಗೇ ಅಂದ್ಕೊಂಡೆ." ಎಂದರು. ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಆಮೇಲೆ ಮಗನ ಕಡೆ ತಿರುಗಿದರು. "ದೇವರ ಮನೆ ಮೂಲೇಲಿ ನೀರಿನ ತಟ್ಟೆ ಒಳಗೆ ಬೆಣ್ಣೆ ಇಡ್ತೀನಲ್ಲ, ಬೇಸಿಗೇಲೂ ಕರಗಲ್ಲ ಅದು. ಈ ಬಾಟ್ಲಿ ಅಲ್ಲೇ ಇದ್ರೆ ಆಗಲ್ವಾ? ಡಾಕ್ಟರಿಗೆ ಫೋನ್ ಮಾಡಿ ಕೇಳು."

ಗಂಡ ಫೋನ್ ಮಾಡಿದರು. ಬಳಸಲು ತೆಗೆದ ಬಾಟಲಿ ಒಂದು ತಿಂಗಳ ಮಟ್ಟಿಗೆ ನೆರಳಲ್ಲಿ, ತಂಪಾದ ಜಾಗದಲ್ಲಿ ಇರಬಹುದು, ಸೀಲು ಒಡೆಯದ ಬಾಟಲಿಗಳು ಮಾತ್ರ ಫ್ರಿಜ್ಜಿನಲ್ಲಿರಲಿ ಎಂದರು ಡಾಕ್ಟರು. ನನ್ನ ಮೂರು ಹಲಗೆ, ಒಂದು ಸೆನ್ಸರು, ಅಷ್ಟು ಮಧ್ಯಾಹ್ನಗಳು ಮಾಡಲಾಗದ್ದನ್ನು ಒಂದು ಬೆಣ್ಣೆ ತಟ್ಟೆ ಮಾಡಿತು.

ಗಂಡ ಇನ್ನೂ ಬಿಡಲಿಲ್ಲ. "ಅದೆಲ್ಲ ಸರಿ ಅಮ್ಮ. ಆದ್ರೂ ಇವಳು ಒಂದು ವರ್ಷ ಮನೇಲೇ ಇದ್ರೆ ನಿಂಗೂ ಅನುಕೂಲ ಅಲ್ವಾ?"

"ಬೇಡ" ಎಂದರು ಅತ್ತೆ. ಎಷ್ಟು ಬೇಗ ಎಂದರೆ, ಗಂಡನ ಬಾಯಿ ಇನ್ನೂ ಮುಚ್ಚಿರಲಿಲ್ಲ. "ಇವಳು ಮನೇಲಿ ಕೂರೋದು ಬೇಡಪ್ಪ. ನೀವಿಬ್ರೂ ಹೋದ್ಮೇಲೆ ಸಂಜೆವರೆಗೆ ಈ ಮನೆ ನಂದು. ಜೋರಾಗಿ ಹಾಡ್ಕೋತೀನಿ. ಕಾಲು ಚಾಚಿ ಕೂತ್ಕೋತೀನಿ. ಇವಳಿದ್ದ ದಿನ ನಾನು ಏನ್ ಮುಟ್ಟಿದೆ, ಏನ್ ಇಟ್ಟೆ ಅಂತ ಹಿಂದಿಂದೇ ಕಣ್ಣು. ಬಾಯಿ ಬಿಟ್ಟು ಏನೂ ಅನ್ನಲ್ಲ, ನೋಡ್ತಾಳೆ ಅಷ್ಟೆ. ಭಾನುವಾರ ಬಂತು ಅಂದ್ರೆ ನನಗೆ ಜೈಲು."

ಗಂಡ ನನ್ನ ಮುಖ ನೋಡಿದರು. ನಾನು ಹಾಳೆಯನ್ನು ಮಡಿಸತೊಡಗಿದೆ. ಆ ಮನೆಯಲ್ಲಿ ಇಬ್ಬರ ನಡುವೆ ಸಿಕ್ಕಿಕೊಂಡವಳು ನಾನೊಬ್ಬಳೇ ಎಂದು ಹನ್ನೊಂದು ವರ್ಷ ನಂಬಿದ್ದೆ. ಬಸ್ಸಿನ ಕಿಟಕಿ ಪಕ್ಕ ಕೂತು, ಅವರ ಮಡಿ, ಅವರ ಒಲೆ, ಅವರ ಗೊಣಗು ಎಂದು ಒಂದೊಂದನ್ನೇ ಎತ್ತಿ ಆಡಿಕೊಳ್ಳುತ್ತ ಭದ್ರಾವತಿ ತಲುಪುತ್ತಿದ್ದೆ. ಅದೇ ಹೊತ್ತಿಗೆ ಇಲ್ಲಿ ಒಬ್ಬರು ಗಂಟಲು ಬಿಚ್ಚಿ ಹಾಡುತ್ತಿದ್ದರು, ನಾನು ಹೋದೆನೆಂದು. ಅವರಿಗಿದ್ದ ಆ ಒಂದಿಷ್ಟು ಗಂಟೆಗಳೊಳಗೂ ನಾನು ಗಡಿಯಾರವಿರುವ ಕಣ್ಣೊಂದನ್ನು ಇಟ್ಟು ಹೋಗಿದ್ದೆ.

"ಆ ಯಂತ್ರ ತೆಗೆದುಬಿಡು" ಎಂದರು ಅತ್ತೆ ನನಗೆ. "ಬಾಟ್ಲಿ ನಾನು ನೋಡ್ಕೋತೀನಿ. ಸಕ್ಕರೆ ಜಾಸ್ತಿ ಆದ್ರೆ ರಕ್ತ ಪರೀಕ್ಷೇಲಿ ಗೊತ್ತಾಗುತ್ತೆ, ಅಷ್ಟು ಸಾಕು."

ಅಲ್ಲಿಗೆ ನನ್ನ ಕೆಲಸ ಉಳಿಯಿತು. ತಾಯಿಯ ಮಾತಿಗೆ ನನ್ನ ಗಂಡ ಎದುರಾಡುವವರಲ್ಲ. ನಾನು ಅತ್ತು ಕೇಳಿದ್ದರೂ, ಅಂಕಿ ತೋರಿಸಿದ್ದರೂ ಸಿಗದಿದ್ದದ್ದು ಅವರ ಒಂದು 'ಬೇಡ'ದಿಂದ ಸಿಕ್ಕಿತು. ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಿದ್ದು ಅವಮಾನ. ಬೇಡವಾದವಳೆಂಬ ಕಾರಣಕ್ಕೆ ಬಿಡುಗಡೆಯಾದರೆ ಹೇಗಿರುತ್ತದೆಂದು ಆಗ ಗೊತ್ತಾಯಿತು.

ಸೋಮವಾರ ಬೆಳಿಗ್ಗೆ, ಮುಂದುವರಿಯುತ್ತೇನೆ ಎಂದು ಪ್ರಿನ್ಸಿಪಾಲರಿಗೆ ಬರೆದ ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡೆ. ಸಂಜೆ ಬೇಗ ಬರಲೇ ಎಂದು ಅತ್ತೆಯನ್ನು ಕೇಳಬೇಕೆನ್ನಿಸಿತು, ಏನಾದರೂ ಒಂದು ಒಳ್ಳೆಯ ಮಾತು ಆಡಬೇಕಲ್ಲ ಎಂದು. ಚಪ್ಪಲಿ ಹಾಕಿಕೊಳ್ಳುತ್ತ ಬಾಗಿಲಲ್ಲಿ ತಡವರಿಸಿದೆ.

"ಏನು, ಇನ್ನೂ ಇಲ್ಲೇ ಇದ್ದೀಯಾ? ಬಸ್ ಹೋಗ್ಬಿಡುತ್ತೆ, ಹೊರಡು" ಎಂದರು ಅತ್ತೆ.

ಗಂಡ ಆ ದಿನ ನನಗಿಂತ ಮೊದಲೇ ಹೊರಟಿದ್ದರು. ನಾನು ಎರಡನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಆಮೇಲೆ ಒಳಗಿನಿಂದ ಅಗುಳಿ ಹಾಕಿದ ಸದ್ದು ಕೇಳಿಸಿತು.